ಮಣಲಿಯ ಗಾಳಿಯ ಚರಿತ್ರೆ

ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಹೊಗೆಯ ಮಾತೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಪಂಪ ರನ್ನರ ಕಾವ್ಯ, ಹಂಪೆಯ ವೈಭವ, ಕಾವೇರಿಯ ಮಹಿಮೆ ಇವು ಇಂತಹ ಪುಟಗಳಿಗೆ ಒಪ್ಪುವ ವಿಷಯಗಳು. ಅವನ್ನು ಬರೆಯಬಲ್ಲ ಪಂಡಿತರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನಾದರೋ ಬ್ಯಾಂಕಿನ ಗುಮಾಸ್ತ. ಓದಿದ್ದು ವಾಣಿಜ್ಯ, ಬಲ್ಲದ್ದು ಜಮಾ ಖರ್ಚು. ಆದರೂ ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವಿದೆ. ಹೊಟ್ಟೆಪಾಡಿಗಾಗಿ ತಾಯ್ನಾಡನ್ನು ಬಿಟ್ಟು ಬಂದ ನಾವು ಊರಿನಿಂದ ಭಾಷೆಯನ್ನು ತಂದೆವು, ಹಬ್ಬಹುಣ್ಣಿಮೆಗಳನ್ನು ತಂದೆವು, ಉಪ್ಪಿನಕಾಯಿಯ ಭರಣಿಯನ್ನೂ ತಂದೆವು. ಗಾಳಿಯನ್ನು ಮಾತ್ರ ತರಲಾಗಲಿಲ್ಲ. ನಮ್ಮ ಮಕ್ಕಳು ಉಸಿರಾಡುತ್ತಿರುವುದು ಈ ಊರಿನ ಗಾಳಿಯನ್ನೇ. ಹೀಗಿರಲಾಗಿ, ಅದು ಎಲ್ಲಿಂದ ಹೇಗೆ ಕೆಟ್ಟಿತು ಎಂಬ ಚರಿತ್ರೆಯನ್ನು ತಿಳಿದುಕೊಳ್ಳುವುದು ನೆಲೆ ನಿಂತವರ ಕರ್ತವ್ಯವೆಂದೇ ನನ್ನ ಭಾವನೆ.

ಲೆಕ್ಕದ ಮನುಷ್ಯನಾದುದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ವ್ಯಾಪಾರದಲ್ಲೂ ಖರ್ಚನ್ನು ಪುಸ್ತಕದಲ್ಲಿ ಬರೆಯದಿದ್ದರೆ ಖರ್ಚು ಇಲ್ಲವಾಗುವುದಿಲ್ಲ. ಅದನ್ನು ಬೇರೆ ಯಾರೋ ತೆರುತ್ತಿರುತ್ತಾರೆ, ಅಷ್ಟೆ. ಮಣಲಿಯ ಕತೆಯ ಸಾರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಮಳಲಿನ ಊರು

ತಮಿಳಿನ ಮಣಲ್ ಎಂಬುದೂ ನಮ್ಮ ಮಳಲು ಎಂಬುದೂ ಒಂದೇ ಬಳ್ಳಿಯ ಕಾಯಿಗಳು. ಚೆನ್ನೈ ನಗರದ ಉತ್ತರಕ್ಕೆ, ತಿರುವೊಟ್ಟಿಯೂರಿನ ಪಶ್ಚಿಮದಲ್ಲಿರುವ ಈ ಊರಿನ ಹೆಸರನ್ನು ಕೇಳಿದೊಡನೆ ಕನ್ನಡಿಗನ ಮನಸ್ಸಿಗೂ ಮರಳೇ ತೋರುವುದು ಸಹಜ. ಉತ್ತರಕ್ಕೆ ಕೊಸಸ್ತಲೆ ನದಿ, ಪೂರ್ವದಲ್ಲಿ ಬಕಿಂಗ್‌ಹ್ಯಾಮ್ ಕಾಲುವೆ, ಅದರಾಚೆ ಸಮುದ್ರ, ಪಶ್ಚಿಮದಲ್ಲಿ ಪುಳಲ್ ಕೆರೆ. ಹೀಗೆ ನೀರು ಸುತ್ತಿಕೊಂಡ ತಗ್ಗು ಪ್ರದೇಶವಿದು.

ಈ ಸೀಮೆ ನಮಗೆ ಪೂರ್ತಿ ಪರಸ್ಥಳವೂ ಅಲ್ಲ. ೯೪೯ರಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಗೆದ್ದ ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಆಳ್ವಿಕೆಯ ಶಾಸನಗಳು ಪಕ್ಕದ ತಿರುವೊಟ್ಟಿಯೂರಿನ ದೇವಾಲಯದಲ್ಲಿವೆ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷ್ ಕಂಪನಿಯ ದುಭಾಷಿಯಾಗಿದ್ದ ಮಣಲಿ ಮುದ್ದುಕೃಷ್ಣ ಮೊದಲಿಯಾರರು ಸಂಗೀತಗಾರರಿಗೆ ಆಶ್ರಯದಾತರಾಗಿದ್ದರು. ಹಂಸಧ್ವನಿ ರಾಗವನ್ನು ಕಲ್ಪಿಸಿದ ರಾಮಸ್ವಾಮಿ ದೀಕ್ಷಿತರನ್ನು ಮಣಲಿಗೆ ಕರೆಸಿ ಸಾಕಿದುದು ಈ ಮನೆತನವೇ. ಅವರ ಮಗ ಮುತ್ತುಸ್ವಾಮಿ ದೀಕ್ಷಿತರು ಎಳೆಯ ವಯಸ್ಸಿನಲ್ಲಿ ಇಲ್ಲಿದ್ದಾಗಲೇ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡು ವಾದ್ಯಗಳನ್ನು ಕೇಳಿ, ಆ ಮಟ್ಟುಗಳಿಗೆ ಸಂಸ್ಕೃತದ ಸಾಹಿತ್ಯವನ್ನು ಕಟ್ಟಿದರು. ಇನ್ನು ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲದವರಿಗೆ ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೂ ಮದರಾಸೇ ರಾಜಧಾನಿ ಎಂಬುದನ್ನು ಹಿರಿಯರಿಗೆ ನೆನಪು ಮಾಡಬೇಕಾದುದಿಲ್ಲ.

ಸಂಗೀತ ಹುಟ್ಟಿದ ಈ ಊರು ಹೊಗೆಯ ಊರಾದುದು ಹೇಗೆ? ಅದಕ್ಕೆ ಅರುವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಕಾರ್ಖಾನೆಗಳು ಬಂದ ಬಗೆ

ಸ್ವಾತಂತ್ರ್ಯ ಬಂದ ಮೇಲೆ ದೇಶಕ್ಕೆ ಎಣ್ಣೆ ಬೇಕಾಯಿತು, ಗೊಬ್ಬರ ಬೇಕಾಯಿತು, ವಿದ್ಯುತ್ತು ಬೇಕಾಯಿತು. ೧೯೬೫ರಲ್ಲಿ ಭಾರತ ಸರಕಾರ, ಅಮೆರಿಕದ ಆಮೊಕೊ ಸಂಸ್ಥೆ ಮತ್ತು ಇರಾನಿನ ರಾಷ್ಟ್ರೀಯ ತೈಲ ಸಂಸ್ಥೆ ಇವು ಮೂರೂ ಕೂಡಿ ಮದರಾಸ್ ರಿಫೈನರೀಸ್ ಸಂಸ್ಥೆಯನ್ನು ಕಟ್ಟಿದವು. ಬಂಡವಾಳದಲ್ಲಿ ಸರಕಾರದ್ದು ನೂರಕ್ಕೆ ೭೪ ಪಾಲು. ಉಳಿದ ಇಬ್ಬರದು ತಲಾ ೧೩. ೧೯೬೯ರಲ್ಲಿ ಮಣಲಿಯ ಶುದ್ಧೀಕರಣಾಗಾರ ಕೆಲಸಕ್ಕೆ ತೊಡಗಿತು. ಆಗ ಅದರ ಸಾಮರ್ಥ್ಯ ವರ್ಷಕ್ಕೆ ೨೫ ಲಕ್ಷ ಟನ್ನು. ಈಗ ಅದು ೧೦೫ ಲಕ್ಷ ಟನ್ನು. ೨೦೦೦ದಲ್ಲಿ ಅದರ ಹೆಸರು ಚೆನ್ನೈ ಪೆಟ್ರೋಲಿಯಂ ಕಾರ್ಪೊರೇಷನ್ ಎಂದಾಯಿತು.

ಎಣ್ಣೆಯನ್ನು ಶುದ್ಧ ಮಾಡುವಲ್ಲಿ ನಾಫ್ತಾ ಎಂಬ ದ್ರವ ದೊರೆಯುತ್ತದೆ. ಅದರಿಂದ ಅಮೋನಿಯವನ್ನೂ ಅಮೋನಿಯದಿಂದ ಯೂರಿಯವನ್ನೂ ಮಾಡಬಹುದು. ಆದಕಾರಣ ಶುದ್ಧೀಕರಣಾಗಾರದ ನೆರೆಯಲ್ಲಿಯೇ ಮದರಾಸ್ ಫರ್ಟಿಲೈಸರ್ಸ್ ಎದ್ದಿತು. ೧೯೬೬ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ೧೯೭೧ರಲ್ಲಿ ಉತ್ಪಾದನೆ ತೊಡಗಿತು. ಅದರ ವಿಜಯ್ ಹೆಸರಿನ ಗೊಬ್ಬರದ ಚೀಲಗಳು ತಮಿಳುನಾಡಿನ ಗದ್ದೆಗಳಿಗೆ ಮಾತ್ರವಲ್ಲ, ಕರ್ನಾಟಕದ ಹೊಲಗಳಿಗೂ ಹೋದವು. ಇತ್ತ ಎಣ್ಣೂರಿನಲ್ಲಿ ೧೯೭೦ರಿಂದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಘಟಕ ಘಟಕವಾಗಿ ಆರಂಭವಾಗಿ, ೧೯೭೫ರ ವೇಳೆಗೆ ೪೫೦ ಮೆಗಾವಾಟ್ ಆಯಿತು. ೧೯೮೦ರ ದಶಕದಲ್ಲಿ ಪೆಟ್ರೋಲಿಯಂ ಮೂಲದ ರಾಸಾಯನಿಕಗಳ ಕಾರ್ಖಾನೆಗಳು ಮಣಲಿಗೆ ಬಂದವು. ಬಟ್ಟೆ ಒಗೆಯುವ ಪುಡಿಗೆ ಬೇಕಾದ ಮೂಲವಸ್ತುವನ್ನು ಒಂದು ಕಾರ್ಖಾನೆ ಮಾಡಿದರೆ, ಹಾಸಿಗೆಯ ಫೋಮಿಗೆ ಬೇಕಾದುದನ್ನು ಇನ್ನೊಂದು ಮಾಡಿತು. ೧೯೯೪ರಿಂದ ೧೯೯೬ರೊಳಗೆ ಉತ್ತರ ಚೆನ್ನೈ ವಿದ್ಯುತ್ ಸ್ಥಾವರದ ೬೩೦ ಮೆಗಾವಾಟ್, ೨೦೧೨ರಿಂದ ಈಚೆಗೆ ಅದರ ಎರಡನೆಯ ಹಂತದ ೧೨೦೦ ಮೆಗಾವಾಟ್, ಮತ್ತು ವಲ್ಲೂರಿನ ೧೫೦೦ ಮೆಗಾವಾಟ್ ಸೇರಿದವು. ಎಣ್ಣೂರಿನ ಹಳೆಯ ಸ್ಥಾವರ ೨೦೧೭ರಲ್ಲಿ ಮುಚ್ಚಿತು.

ಇವುಗಳಿಂದ ಆದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಎಷ್ಟೋ ಸಂಸಾರಗಳಿಗೆ ಅನ್ನ ದೊರೆಯಿತು. ಅವುಗಳಲ್ಲಿ ಕನ್ನಡದ ಸಂಸಾರಗಳೂ ಉಂಟು. ದಕ್ಷಿಣ ದೇಶಕ್ಕೆ ಪೆಟ್ರೋಲು, ಅಡುಗೆಯ ಅನಿಲ, ಯೂರಿಯ, ಬೆಳಕು ಎಲ್ಲವೂ ದೊರೆತವು. ಇವೆಲ್ಲ ಜಮೆಯ ಕಡೆಗೆ ಬರೆದ ಬಾಬುಗಳು, ಮತ್ತು ನ್ಯಾಯವಾಗಿಯೇ ಬರೆದವು. ಆದರೆ ಎದುರು ಪುಟದಲ್ಲಿ ಏನನ್ನು ಬರೆದರು? ಕಲ್ಲಿದ್ದಲಿನ ಬೆಲೆ, ಕೂಲಿ, ಬಡ್ಡಿ, ಯಂತ್ರಗಳ ಸವಕಳಿ, ಇಷ್ಟೇ. ಚಿಮಣಿಯಿಂದ ಹೊರಟು ಊರಿನ ಮೇಲೆ ಇಳಿದುದಕ್ಕೆ ಖಾತೆಯೇ ಇರಲಿಲ್ಲ.

ಗಾಳಿಯಲ್ಲಿ ಬೆರೆಯುವುದೇನು?

ಹೊಗೆ ಎಂದರೆ ಒಂದೇ ವಸ್ತುವಲ್ಲ. ವಿಜ್ಞಾನಿಗಳು ಗಾಳಿಯ ಕಲ್ಮಷವನ್ನು ಮೊದಲು ಎರಡು ಬಗೆಯಾಗಿ ವಿಂಗಡಿಸುತ್ತಾರೆ: ಕಣಗಳು ಮತ್ತು ಅನಿಲಗಳು.

ಕಣಗಳೆಂದರೆ ಧೂಳು, ಮಸಿ, ಬೂದಿ ಮುಂತಾದವು. ಇವುಗಳ ಗಾತ್ರವನ್ನು ಮೈಕ್ರಾನ್ ಎಂಬ ಅಳತೆಯಿಂದ ಹೇಳುತ್ತಾರೆ; ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲೇ ಮೈಕ್ರಾನ್. ೧೦ ಮೈಕ್ರಾನಿಗಿಂತ ಚಿಕ್ಕವನ್ನು ಪಿ.ಎಂ. ೧೦ ಎಂದೂ, ೨.೫ ಮೈಕ್ರಾನಿಗಿಂತ ಚಿಕ್ಕವನ್ನು ಪಿ.ಎಂ. ೨.೫ ಎಂದೂ ಕರೆಯುವುದು ರೂಢಿ. ತಲೆಗೂದಲಿನ ದಪ್ಪ ಸುಮಾರು ೫೦ರಿಂದ ೭೦ ಮೈಕ್ರಾನ್ ಎಂದರೆ ಇವುಗಳ ಸೂಕ್ಷ್ಮತೆ ಊಹೆಗೆ ಬಂದೀತು. ದೊಡ್ಡ ಧೂಳನ್ನು ಮೂಗಿನ ಕೂದಲೂ ಗಂಟಲಿನ ಲೋಳೆಯೂ ತಡೆದಾವು. ಈ ಸಣ್ಣ ಕಣಗಳಿಗೆ ಅಂತಹ ಕಾವಲು ಇಲ್ಲ.

ಅನಿಲಗಳಲ್ಲಿ ಮೊದಲನೆಯದು ಗಂಧಕದ ಡೈ ಆಕ್ಸೈಡ್. ಕಚ್ಚಾ ಎಣ್ಣೆಯಲ್ಲಿಯೂ ಕಲ್ಲಿದ್ದಲಿನಲ್ಲಿಯೂ ಗಂಧಕವಿದೆ. ಎಣ್ಣೆಯಿಂದ ಅದನ್ನು ಬೇರ್ಪಡಿಸಿ ಗಟ್ಟಿ ಗಂಧಕವಾಗಿ ಮಾರಬಹುದು. ಬೇರ್ಪಡಿಸದೆ ಬಿಟ್ಟುದು ಉರಿಯುವಾಗ ಗಾಳಿಗೆ ಸೇರುತ್ತದೆ. ಎರಡನೆಯದು ಸಾರಜನಕದ ಆಕ್ಸೈಡುಗಳು. ಕುಲುಮೆಯಾಗಲಿ ಲಾರಿಯ ಎಂಜಿನ್ನಾಗಲಿ, ಬಹಳ ಬಿಸಿಯಾದ ಉರಿ ಇದ್ದಲ್ಲೆಲ್ಲ ಇವು ಹುಟ್ಟುತ್ತವೆ. ಮೂರನೆಯದು ಅಮೋನಿಯ, ಗೊಬ್ಬರದ ಕಾರ್ಖಾನೆಯ ಒಡಹುಟ್ಟು. ನಾಲ್ಕನೆಯದು ಬೆಂಜೀನಿನಂತಹ ಎಣ್ಣೆಯ ಆವಿಗಳು. ತೊಟ್ಟಿ, ಕೊಳವೆ, ಕವಾಟಗಳ ಸಂದಿಯಿಂದ ಹೊಗೆಯ ಸುಳಿವೇ ಇಲ್ಲದೆ ಇವು ಜಾರಿಹೋಗುತ್ತವೆ. ಕೊಳೆತ ಮೊಟ್ಟೆಯ ನಾತದ ಹೈಡ್ರೊಜನ್ ಸಲ್ಫೈಡೂ, ಅಡುಗೆಯ ಅನಿಲಕ್ಕೆ ವಾಸನೆಗಾಗಿ ಬೆರೆಸುವ ಮರ್ಕಾಪ್ಟನ್ ಜಾತಿಯವೂ ಈ ಬಳಗಕ್ಕೆ ಸೇರಿದವು.

ಇನ್ನೊಂದು ವಿಂಗಡಣೆಯೂ ಉಂಟು. ಮೂಲದಿಂದ ನೇರವಾಗಿ ಹೊರಟವು ಮೊದಲ ತಲೆಯ ಕಲ್ಮಷಗಳು. ಗಾಳಿಯಲ್ಲಿ ಒಂದಕ್ಕೊಂದು ಕೂಡಿ ಹುಟ್ಟುವವು ಎರಡನೆಯ ತಲೆಯವು. ಮಣಲಿಯಂತಹ ಸ್ಥಳದಲ್ಲಿ ಇದು ಮುಖ್ಯವಾದ ಸಂಗತಿ. ಗಂಧಕದ ಅನಿಲ ಒಂದು ಚಿಮಣಿಯಿಂದ ಬರುತ್ತದೆ, ಅಮೋನಿಯ ಇನ್ನೊಂದು ಕಾರ್ಖಾನೆಯಿಂದ ಬರುತ್ತದೆ; ಎರಡೂ ಗಾಳಿಯಲ್ಲಿ ಸಂಧಿಸಿ ಅಮೋನಿಯಂ ಸಲ್ಫೇಟಿನ ಸೂಕ್ಷ್ಮ ಕಣಗಳಾಗುತ್ತವೆ. ಈ ಕಣ ಯಾರದು? ನಮ್ಮದಲ್ಲವೆಂದು ಇಬ್ಬರೂ ಹೇಳಬಹುದು. ಬಿಡಿಬಿಡಿಯಾಗಿ ಪ್ರತಿ ಕಾರ್ಖಾನೆಯ ಲೆಕ್ಕ ಸರಿಯಾಗಿಯೇ ಇದ್ದು, ಊರಿನ ಒಟ್ಟು ಲೆಕ್ಕ ತಪ್ಪುವುದು ಹೀಗೆ.

ಮೂಲಗಳು ಕಾರ್ಖಾನೆಗಳು ಮಾತ್ರವಲ್ಲ. ಎಣ್ಣೂರು ಹಾಗೂ ಚೆನ್ನೈ ಬಂದರುಗಳಿಗೆ ಕಂಟೇನರುಗಳನ್ನು ಹೊತ್ತ ಲಾರಿಗಳು ಮಣಲಿಯ ರಸ್ತೆಗಳಲ್ಲಿ ಸಾಲುಗಟ್ಟುತ್ತವೆ. ಅವುಗಳ ಡೀಸೆಲ್ ಹೊಗೆಯೂ ಚಕ್ರಗಳು ಎಬ್ಬಿಸುವ ಧೂಳೂ ಸಣ್ಣವಲ್ಲ. ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ನೀರಿನಲ್ಲಿ ಕಲಸಿ ಸೆಪ್ಪಾಕ್ಕಂ ಬಳಿಯ ಹೊಂಡಕ್ಕೆ ಬಿಟ್ಟಿದ್ದಾರೆ. ಬೇಸಗೆಯಲ್ಲಿ ಒಣಗಿದ ಬೂದಿ ಗಾಳಿಗೆ ಏಳುತ್ತದೆ. ದಕ್ಷಿಣಕ್ಕೆ ಕೊಡುಂಗೈಯೂರಿನ ಕಸದ ರಾಶಿಯುಂಟು. ಅದಕ್ಕೆ ಬೆಂಕಿ ಹತ್ತಿದ ದಿನ ಉತ್ತರ ಚೆನ್ನೈಗೆಲ್ಲ ತಿಳಿಯುತ್ತದೆ. ಹನಿಗೂಡಿದರೆ ಹಳ್ಳವೆಂಬ ಗಾದೆ ಗಾಳಿಗೂ ಸಲ್ಲುತ್ತದೆ.

ಬೀಸುವ ದಿಕ್ಕು

ಚಿಮಣಿಯನ್ನು ಎತ್ತರ ಕಟ್ಟಿದರೆ ಹೊಗೆ ಹೋಗಿಬಿಡುತ್ತದೆಂಬುದು ಹಳೆಯ ನಂಬಿಕೆ. ಎತ್ತರದ ಚಿಮಣಿ ಹೊಗೆಯನ್ನು ಇಲ್ಲವಾಗಿಸುವುದಿಲ್ಲ, ದೂರಕ್ಕೆ ಕಳುಹಿಸುತ್ತದೆ. ಎಲ್ಲಿಗೆ ಎಂಬುದು ಗಾಳಿಯ ಇಚ್ಛೆ.

ಕಡಲ ಕರೆಯಲ್ಲಿ ಗಾಳಿ ದಿನಕ್ಕೆರಡು ಸಲ ದಿಕ್ಕು ಬದಲಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಹಗಲಿನಲ್ಲಿ ನೆಲ ಬೇಗ ಕಾದು ಗಾಳಿ ಮೇಲೇರುವುದರಿಂದ ಮಧ್ಯಾಹ್ನ ಕಡಲಗಾಳಿ ಒಳನಾಡಿಗೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಗಾಳಿ ನೆಲದಿಂದ ಕಡಲಿಗೆ ತಿರುಗುತ್ತದೆ. ಆದುದರಿಂದ ಎಣ್ಣೂರಿನ ಕಡೆಯ ಹೊಗೆ ಮಧ್ಯಾಹ್ನ ಒಳಗಿನ ಊರುಗಳಿಗೂ, ಮಣಲಿಯ ನಾತ ರಾತ್ರಿ ಪೂರ್ವದ ತಿರುವೊಟ್ಟಿಯೂರಿಗೂ ಹೋಗುವುದು ಸ್ವಾಭಾವಿಕ. ಚಳಿಗಾಲದ ಬೆಳಗಿನಲ್ಲಿ ನೆಲದ ಬಳಿಯ ಗಾಳಿ ತಣ್ಣಗಿದ್ದು, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತಾಗ ಹೊಗೆ ಮೇಲೇರಲಾರದೆ ನಮ್ಮ ತಲೆಯ ಮಟ್ಟದಲ್ಲಿಯೇ ಹರಡಿಕೊಳ್ಳುತ್ತದೆ. ವಾಸನೆ ಬರುವ ಊರೂ ವಾಸನೆ ಹುಟ್ಟುವ ಊರೂ ಬೇರೆ ಬೇರೆ ಆಗಿರುವುದರಿಂದಲೇ ಜನರ ದೂರು ಎಷ್ಟೋ ವೇಳೆ ಗಾಳಿಯಲ್ಲಿ ಹೋಗುತ್ತದೆ.

ಮೈಯೂ ಕಲ್ಲೂ ತೆರುವ ಬೆಲೆ

ಪ್ರಾಯದ ಮನುಷ್ಯನೊಬ್ಬ ದಿನಕ್ಕೆ ೧೦,೦೦೦ ಲೀಟರಿಗೂ ಮಿಕ್ಕಿ ಗಾಳಿಯನ್ನು ಸೇದುತ್ತಾನೆ. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ಇನ್ನೂ ಹೆಚ್ಚು ಸೇದುತ್ತಾರೆ. ಅವರ ಶ್ವಾಸಕೋಶವಾದರೋ ಇನ್ನೂ ಬೆಳೆಯುತ್ತಿರುತ್ತದೆ. ಗಂಧಕದ ಅನಿಲ ಶ್ವಾಸನಾಳವನ್ನು ಬಿಗಿಯುವುದರಿಂದ ಉಬ್ಬಸದವರಿಗೆ ತಕ್ಷಣ ತೊಂದರೆ. ಅಮೋನಿಯ ಕಣ್ಣು ಗಂಟಲುಗಳನ್ನು ಉರಿಸುತ್ತದೆ. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವೆಂದು ಸಿದ್ಧವಾಗಿದೆ. ಪಿ.ಎಂ. ೨.೫ ಕಣಗಳು ಶ್ವಾಸಕೋಶದ ತಳದ ಗೂಡುಗಳಿಗೆ ಇಳಿಯುತ್ತವೆ. ಅತ್ಯಂತ ಸಣ್ಣವು ರಕ್ತಕ್ಕೂ ಸೇರುತ್ತವೆ. ಆದ್ದರಿಂದ ಕೆಮ್ಮು ಉಬ್ಬಸ ಮಾತ್ರವಲ್ಲ, ಹೃದಯಾಘಾತ ಮತ್ತು ಪಾರ್ಶ್ವವಾಯುವಿಗೂ ಇವು ಕಾರಣವಾಗುತ್ತವೆ. ೨೦೧೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೊರಗಿನ ಗಾಳಿಯ ಮಾಲಿನ್ಯವನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ೨೦೧೯ನೆಯ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು ೧೬ ಲಕ್ಷ ೭೦ ಸಾವಿರ ಸಾವುಗಳಿಗೆ ವಾಯುಮಾಲಿನ್ಯ ಕಾರಣವೆಂದು ಲ್ಯಾನ್ಸೆಟ್ ಬಳಗದ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ. ಇದರಲ್ಲಿ ಸೌದೆ ಒಲೆಯ ಹೊಗೆಯ ಪಾಲೂ ಸೇರಿದೆ.

ಹೊಗೆ ಕಲ್ಲನ್ನೂ ಬಿಡುವುದಿಲ್ಲ. ಗಂಧಕದ ಅನಿಲ ತೇವದೊಡನೆ ಕೂಡಿ ಆಮ್ಲವಾಗಿ ಅಮೃತಶಿಲೆಯನ್ನು ತಿನ್ನುತ್ತದೆ. ಆಗ್ರೆಯ ತಾಜಮಹಲಿಗೆ ಈ ಭಯ ಬಂದಾಗ ಸುಪ್ರೀಂ ಕೋರ್ಟು ೧೯೯೬ರ ಡಿಸೆಂಬರಿನಲ್ಲಿ ಸುತ್ತಣ ೨೯೨ ಕಾರ್ಖಾನೆಗಳಿಗೆ, ನೈಸರ್ಗಿಕ ಅನಿಲಕ್ಕೆ ಬದಲಿಸಿ, ಇಲ್ಲವೆ ಜಾಗ ಬಿಡಿ ಎಂದು ಆಜ್ಞೆ ಮಾಡಿತು. ಬಹಳ ಸರಿಯಾದ ಆಜ್ಞೆ. ಆದರೆ ಮಣಲಿಯ ಗೊಬ್ಬರದ ಕಾರ್ಖಾನೆ ನಾಫ್ತಾ ಬಿಟ್ಟು ನೈಸರ್ಗಿಕ ಅನಿಲಕ್ಕೆ ಬಂದುದು ೨೦೧೯ರಲ್ಲಿ, ಎಣ್ಣೂರಿನಲ್ಲಿ ದ್ರವ ಅನಿಲದ ನಿಲ್ದಾಣ ಆರಂಭವಾದ ಮೇಲೆ. ಕಲ್ಲಿಗೆ ದೊರೆತ ಕಾಪು ಎದೆಗೂಡಿಗೆ ದೊರೆಯುವಲ್ಲಿ ಎಷ್ಟು ವಿಳಂಬವೆಂಬುದನ್ನು ವಾಚಕರೇ ಲೆಕ್ಕ ಹಾಕಬಹುದು.

ಕಾಯಿದೆ ಬಂದ ಕಾಲ

ಹೊಗೆಗೆ ಕಾಯಿದೆಯೆಂಬುದು ಹೊಸ ಮಾತಲ್ಲ. ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ದೊರೆ ಹದಿನಾಲ್ಕನೆಯ ಶತಮಾನದ ಮೊದಲಲ್ಲಿಯೇ ಲಂಡನ್ನಿನಲ್ಲಿ ಕಲ್ಲಿದ್ದಲು ಸುಡುವುದನ್ನು ತಡೆಯಲು ಹೊರಟಿದ್ದನು. ನಮ್ಮ ದೇಶದಲ್ಲಿಯೂ ಬಂಗಾಳಕ್ಕೆ ೧೯೦೫ರಲ್ಲಿ, ಮುಂಬಯಿಗೆ ೧೯೧೨ರಲ್ಲಿ ಹೊಗೆಯ ಉಪದ್ರವದ ಕಾಯಿದೆಗಳಾದವು. ಆದರೆ ಲೋಕದ ಕಣ್ಣು ತೆರೆಸಿದುದು ೧೯೫೨ರ ಡಿಸೆಂಬರಿನ ಲಂಡನ್ ದುರಂತ. ಐದು ದಿನ ಹೊಗೆಮಂಜು ನಗರವನ್ನು ಮುಚ್ಚಿ, ಆಗಿನ ಲೆಕ್ಕದಂತೆ ಸುಮಾರು ೪,೦೦೦ ಮಂದಿ ತೀರಿಕೊಂಡರು. ಮುಂದಿನ ತಿಂಗಳುಗಳನ್ನೂ ಸೇರಿಸಿ ಎಣಿಸಿದವರು ಸುಮಾರು ೧೨,೦೦೦ ಎಂದಿದ್ದಾರೆ. ೧೯೫೬ರಲ್ಲಿ ಬ್ರಿಟನ್ನಿನಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು.

ಮಣಲಿಯ ಕಾರ್ಖಾನೆಗಳೆಲ್ಲ ಇದಾದ ಮೇಲೆ ಕಟ್ಟಿದವು ಎಂಬುದನ್ನು ಗಮನಿಸಬೇಕು. ಅರಿವು ಲೋಕದಲ್ಲಿತ್ತು, ಕಾಯಿದೆ ಇಲ್ಲಿರಲಿಲ್ಲ. ಶುದ್ಧೀಕರಣಾಗಾರ ೧೯೬೯ರದು, ಎಣ್ಣೂರಿನ ಸ್ಥಾವರ ೧೯೭೦ರದು, ಗೊಬ್ಬರ ೧೯೭೧ರದು. ಭಾರತದ ವಾಯುಮಾಲಿನ್ಯ ನಿಯಂತ್ರಣ ಕಾಯಿದೆ ೧೯೮೧ರದು. ತಮಿಳುನಾಡಿನ ಮಾಲಿನ್ಯ ನಿಯಂತ್ರಣ ಮಂಡಳಿ ೧೯೮೨ರದು. ಹನ್ನೆರಡು ವರ್ಷ ಒಲೆ ಉರಿದ ಮೇಲೆ ಹೊಗೆಯ ಖಾತೆಯನ್ನು ತೆರೆದಂತಾಯಿತು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂದು ನಮ್ಮ ಹಿರಿಯರು ಹೇಳಿದ್ದು ಇಂತಹುದಕ್ಕೇ.

೧೯೮೪ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ೧೯೮೬ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. ೧೯೯೧ರಲ್ಲಿ ಸುಪ್ರೀಂ ಕೋರ್ಟು ಶುದ್ಧ ನೀರು ಶುದ್ಧ ಗಾಳಿಗಳನ್ನು ಜೀವಿಸುವ ಹಕ್ಕಿನೊಳಗೆ ಸೇರಿಸಿತು. ೧೯೯೬ರಲ್ಲಿ ವೆಲ್ಲೂರಿನ ಕಡೆಯ ಚರ್ಮ ಹದ ಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಕೆಡಿಸಿದವನೇ ವೆಚ್ಚವನ್ನು ತೆರಬೇಕು ಎಂಬ ತತ್ತ್ವ ಈ ದೇಶದ ಕಾನೂನಿನ ಭಾಗವೆಂದು ಸಾರಿತು. ಗುಮಾಸ್ತನ ಭಾಷೆಯಲ್ಲಿ ಹೇಳುವುದಾದರೆ, ಖರ್ಚನ್ನು ಯಾರ ಖಾತೆಗೆ ಬರೆಯಬೇಕೆಂಬುದು ಅಂದು ತೀರ್ಮಾನವಾಯಿತು. ೨೦೧೦ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ಥಾಪಿತವಾಯಿತು. ಅದರ ದಕ್ಷಿಣ ಪೀಠ ಚೆನ್ನೈಯಲ್ಲಿಯೇ ಇದೆ.

ಅಂಕಿಗಳ ಮಾತು

೨೦೦೯ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದ ೮೮ ಕೈಗಾರಿಕಾ ಪ್ರದೇಶಗಳಿಗೆ ಗಾಳಿ, ನೀರು, ನೆಲಗಳ ಸ್ಥಿತಿಯನ್ನು ನೋಡಿ ನೂರಕ್ಕೆ ಅಂಕ ಕೊಟ್ಟಿತು. ಈ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದವನೇ ನಪಾಸು. ೭೦ ದಾಟಿದ ೪೩ ಪ್ರದೇಶಗಳನ್ನು ವಿಷಮ ಸ್ಥಿತಿಯವೆಂದು ಹೆಸರಿಸಿತು. ಮಣಲಿಗೆ ಬಂದುದು ೭೬.೩೨. ೨೦೧೦ರಲ್ಲಿ ಇಂತಹ ಪ್ರದೇಶಗಳಲ್ಲಿ ಹೊಸ ಕಾರ್ಖಾನೆಗಳಿಗೂ ವಿಸ್ತರಣೆಗೂ ಕೇಂದ್ರ ಸರಕಾರ ತಾತ್ಕಾಲಿಕ ತಡೆ ಹಾಕಿತು.

ನಮ್ಮ ನಾಡು ಪಾರಾಯಿತೆಂದು ಕನ್ನಡಿಗರು ಬೀಗುವಂತಿಲ್ಲ. ಅದೇ ಪಟ್ಟಿಯಲ್ಲಿ ಮಂಗಳೂರಿಗೆ ೭೩.೬೮, ಭದ್ರಾವತಿಗೆ ೭೨.೩೩. ಪಣಂಬೂರನ್ನು ಕಂಡವರಿಗೆ ಮಣಲಿ ಹೊಸದಲ್ಲ. ಅಲ್ಲಿಯೂ ೧೯೭೬ರಲ್ಲಿ ಗೊಬ್ಬರದ ಕಾರ್ಖಾನೆ ಉತ್ಪಾದನೆ ತೊಡಗಿತು, ೧೯೯೬ರಲ್ಲಿ ಎಣ್ಣೆಯ ಶುದ್ಧೀಕರಣಾಗಾರ ಬಂತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ೧೯೨೩ರಿಂದ ಮೈಸೂರಿನ ಹೆಮ್ಮೆ. ಹೆಮ್ಮೆಯೂ ಹೊಗೆಯೂ ಒಂದೇ ಬಾಗಿಲಿನಿಂದ ಬರುವುದು ಎಲ್ಲೆಡೆಯ ಅನುಭವ.

೨೦೧೮ರಲ್ಲಿ ಮತ್ತೆ ೧೦೦ ಪ್ರದೇಶಗಳನ್ನು ಅಳೆದಾಗ ಮಣಲಿಯ ಅಂಕ ೮೪.೧೫. ಅಂಕ ಹಾಕುವ ಕ್ರಮವನ್ನು ೨೦೧೬ರಲ್ಲಿ ತಿದ್ದಿದುದರಿಂದ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಇಷ್ಟು ಹೆಚ್ಚಿತು ಎನ್ನುವುದು ಶಾಸ್ತ್ರೀಯವಲ್ಲ. ಆದರೆ ಎರಡು ಬಗೆಯ ತಕ್ಕಡಿಯಲ್ಲಿ ತೂಗಿದರೂ ಮಣಲಿ ವಿಷಮದ ಪಟ್ಟಿಯಿಂದ ಇಳಿಯಲಿಲ್ಲವೆಂಬುದು ನಿಶ್ಚಯ.

ಒಳ್ಳೆಯ ಸುದ್ದಿಯೂ ಉಂಟು. ಅದನ್ನು ಬರೆಯದಿದ್ದರೆ ಲೆಕ್ಕ ತಾಳೆಯಾಗದು. ಸೀಸ ಬೆರೆತ ಪೆಟ್ರೋಲು ೨೦೦೦ದಲ್ಲಿ ನಿಂತಿತು. ೨೦೧೭ರಲ್ಲಿ ದೇಶದ ಡೀಸೆಲಿನ ಗಂಧಕದ ಮಿತಿ ಹತ್ತು ಲಕ್ಷ ಪಾಲಿಗೆ ೫೦ ಇದ್ದುದು ೨೦೨೦ರ ಏಪ್ರಿಲಿನಿಂದ ೧೦ಕ್ಕೆ ಇಳಿಯಿತು. ಮಣಲಿಯಲ್ಲಿ ಗಾಳಿಯನ್ನು ಎಡೆಬಿಡದೆ ಅಳೆಯುವ ಯಂತ್ರಗಳು ಬಂದಿವೆ. ಅವುಗಳ ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದು. ಆದರೂ ೨೦೨೩ರ ಡಿಸೆಂಬರ್ ೨೬ರ ರಾತ್ರಿ, ಹಡಗಿನಿಂದ ಅಮೋನಿಯ ತರುವ ಕಡಲಡಿಯ ಕೊಳವೆ ಎಣ್ಣೂರಿನ ಪೆರಿಯಕುಪ್ಪಂ ಬಳಿ ಸೋರಿ, ಮಲಗಿದ್ದ ಬೆಸ್ತರ ಸಂಸಾರಗಳು ಮಕ್ಕಳನ್ನು ಎತ್ತಿಕೊಂಡು ಓಡಬೇಕಾಯಿತು. ಹಲವರು ಆಸ್ಪತ್ರೆ ಸೇರಿದರು. ಇಂತಹ ರಾತ್ರಿ ಪತ್ರಿಕೆಗಳಲ್ಲಿ ಬರುತ್ತದೆ. ದಿನದಿನವೂ ಚೂರು ಚೂರಾಗಿ ಒಳಗೆ ಹೋಗುವುದು ಎಲ್ಲಿಯೂ ಬರುವುದಿಲ್ಲ. ಬ್ಯಾಂಕಿನಲ್ಲಿ ದೊಡ್ಡ ಕಳವು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ದಿನಕ್ಕೆ ನಾಲ್ಕಾಣೆಯ ಸೋರಿಕೆ ವರ್ಷಗಟ್ಟಲೆ ಗೊತ್ತಾಗದು. ಸಂಸ್ಥೆಯನ್ನು ಮುಳುಗಿಸುವುದು ಅನೇಕ ವೇಳೆ ಎರಡನೆಯದೇ.

ನಮ್ಮ ಪಾಲು

ಎಲ್ಲವನ್ನೂ ಕಾರ್ಖಾನೆಯ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಆ ಪೆಟ್ರೋಲಿನಲ್ಲಿ ಓಡುವುದು ನಮ್ಮ ಸ್ಕೂಟರು, ಆ ವಿದ್ಯುತ್ತಿನಲ್ಲಿ ತಿರುಗುವುದು ನಮ್ಮ ಫ್ಯಾನು. ಪೊಂಗಲಿನ ಹಿಂದಿನ ದಿನ ಭೋಗಿಯೆಂದು ಇಲ್ಲಿಯವರೊಡನೆ ಸೇರಿ ಹಳೆಯ ಚಾಪೆ, ಟಯರು, ಪ್ಲಾಸ್ಟಿಕ್ಕುಗಳನ್ನು ಸುಡುವ ಮನೆಗಳಲ್ಲಿ ನಮ್ಮವೂ ಇವೆ. ಎಳ್ಳುಬೆಲ್ಲ ಬೀರುವ ಹಬ್ಬಕ್ಕೆ ಈ ಹೊಗೆ ಬೇಕೆ? ಹಳೆಯದನ್ನು ಕಳೆಯಬೇಕಾದರೆ ಗುಜರಿಯವನಿಗೆ ಕೊಟ್ಟರೂ ಕಳೆಯುತ್ತದೆ.

ಎರಡನೆಯದಾಗಿ, ಗಾಳಿಯ ಗುಣಮಟ್ಟದ ಸೂಚ್ಯಂಕವನ್ನು ಓದುವ ಅಭ್ಯಾಸವಾಗಲಿ. ೫೦ರವರೆಗೆ ಉತ್ತಮ, ೧೦೦ರವರೆಗೆ ತೃಪ್ತಿಕರ, ೨೦೦ರವರೆಗೆ ಮಧ್ಯಮ, ೩೦೦ರವರೆಗೆ ಕಳಪೆ, ಅದರ ಮೇಲೆ ಅತಿ ಕಳಪೆ; ೪೦೦ ದಾಟಿದರೆ ತೀವ್ರ. ೨೦೦ ದಾಟಿದ ಬೆಳಿಗ್ಗೆ ಉಬ್ಬಸದ ಮಗುವನ್ನು ಆಟದ ಬಯಲಿಗೆ ಕಳುಹಿಸಬೇಡಿ. ಅಜ್ಜನ ವಾಯುಸೇವನೆಯನ್ನು ಬಿಸಿಲು ಏರಿದ ಮೇಲೆ ಇಟ್ಟುಕೊಳ್ಳಿ. ನಮ್ಮ ದೇಶದ ಮಾನದಂಡದಂತೆ ಪಿ.ಎಂ. ೨.೫ರ ವಾರ್ಷಿಕ ಮಿತಿ ಒಂದು ಘನ ಮೀಟರಿಗೆ ೪೦ ಮೈಕ್ರೊಗ್ರಾಂ; ವಿಶ್ವ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಹೇಳಿದುದು ೫. ಕಾಯಿದೆಯ ಮಿತಿಯೊಳಗಿದೆ ಎಂದ ಮಾತ್ರಕ್ಕೆ ಮೈಗೆ ಹಿತವೆಂದು ತಿಳಿಯಬಾರದು.

ಮೂರನೆಯದೇ ಮುಖ್ಯವಾದುದು. ಕೆಟ್ಟ ವಾಸನೆ ಬಂದ ರಾತ್ರಿ ಕಿಟಕಿ ಮುಚ್ಚಿ ಮಲಗಿಬಿಡುವುದು ನಮ್ಮ ರೂಢಿ. ಅದರ ಬದಲು ಒಂದು ಪುಸ್ತಕವನ್ನು ಇಟ್ಟುಕೊಳ್ಳೋಣ. ತಾರೀಖು, ಗಂಟೆ, ವಾಸನೆಯ ಬಗೆ, ಗಾಳಿ ಬೀಸಿದ ದಿಕ್ಕು, ಮನೆಯಲ್ಲಿ ಯಾರಿಗೆ ಏನಾಯಿತು ಎಂಬ ಐದು ಕಲಂ ಸಾಕು. ನಾಲ್ಕು ಮನೆಯವರು ಬೇರೆ ಬೇರೆ ಬೀದಿಗಳಲ್ಲಿ ಹೀಗೆ ಬರೆದು, ತಿಂಗಳಿಗೊಮ್ಮೆ ತಾಳೆ ನೋಡಿ, ಮಾಲಿನ್ಯ ಮಂಡಳಿಗೆ ಒಪ್ಪಿಸಿದರೆ ಅದು ಬರಿಯ ಗೊಣಗಾಟವಾಗದೆ ದಾಖಲೆಯಾಗುತ್ತದೆ. ದಾಖಲೆಗೆ ಉತ್ತರ ಕೊಡಬೇಕಾಗುತ್ತದೆಂಬುದು ಕಚೇರಿಯಲ್ಲಿ ಕೆಲಸ ಮಾಡುವ ಎಲ್ಲರಿಗೂ ತಿಳಿದ ಸಂಗತಿ. ಇದನ್ನು ಕನ್ನಡದವರು ಮಾತ್ರ ಮಾಡಿದರೆ ಸಾಲದು. ಪಕ್ಕದ ಮನೆಯ ತಮಿಳರೂ ಎದುರುಮನೆಯ ತೆಲುಗರೂ ಸೇರಬೇಕು. ಭಾಷೆ ಬೇರೆಯಾದರೂ ಉಸಿರು ಒಂದೇ ಅಲ್ಲವೇ?

ಕಾರ್ಖಾನೆ ಬೇಡವೆಂದು ಈ ಲೇಖಕನ ವಾದವಲ್ಲ. ಅನ್ನ ಕೊಟ್ಟ ಒಲೆಯನ್ನು ಒಡೆಯುವವರುಂಟೇ? ಒಲೆಗೆ ಹೊಗೆಗೂಡು ಇರಲಿ, ಅದರ ವೆಚ್ಚವನ್ನು ಒಲೆ ಹೂಡಿದವನು ಕೊಡಲಿ, ಮನೆಯ ಮಗುವಿನ ಎದೆಯಿಂದ ಅದನ್ನು ವಸೂಲು ಮಾಡದಿರಲಿ ಎಂಬುದಷ್ಟೇ ನನ್ನ ಬಿನ್ನಹ. ಮಣಲಿಯ ಲೆಕ್ಕದ ಪುಸ್ತಕದಲ್ಲಿ ಜಮೆಯ ಪುಟ ೧೯೬೯ರಿಂದ ತುಂಬುತ್ತಲೇ ಬಂದಿದೆ. ಖರ್ಚಿನ ಪುಟವನ್ನು ಬರೆಯುವ ಕೆಲಸ ಇಲ್ಲಿ ವಾಸಿಸುವ ನಮ್ಮೆಲ್ಲರದು.